ನಮ್ಮ ಮನೆಯ 86 ಮೆಟ್ಟಿಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಬಂದರೆ ಒಂದು ಪದವು. ಬರೀ ಮುರಕಲ್ಲಿನ ಬಯಲು, ಅಲ್ಲಲ್ಲಿ ಗೇರುಮರ. ಪದವಿನ ಅಂಚಿಗೆ ನಿಂತು ಕೆಳಗೆ ನೋಡಿದರೆ ಅಡಿಕೆ ತೋಟ, ತೋಟದ ಬದಿಯಲ್ಲಿ ನಮ್ಮ ಮನೆಯ ಹೆಂಚು. ಮನೆಯ ಅಂಗಳದಿಂದ ಈ ಅಂಚಿಗೆ ಬರಲು 86 ಮೆಟ್ಟಿಲು. ಗುಡ್ಡೆಯ ಕಲ್ಲನ್ನೇ ಕಡಿದು ಮಾಡಿದ್ದು. ಯಾರು ಕಡಿಸಿದ್ದೋ, ಯಾವಾಗಲೋ, ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಡುವಿನಲ್ಲಿ ಎದೆಯೆತ್ತರದ ಒಂದು ಕಟ್ಟೆ ಇದೆ. ತಲೆಹೊರೆ ಇಟ್ಟು ಸ್ವಲ್ಪ ಉಸಿರು ತೆಗೆದುಕೊಳ್ಳಲಿ ಅಂತ ಕಟ್ಟಿದ್ದು.

ನಾನು 1996ರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಮದುವೆಯ ಸೀರೆಯಲ್ಲೇ ಆ ಮೆಟ್ಟಿಲು ಇಳಿದದ್ದು. ಆಗ ಈ ಮನೆಗೆ ಬೇರೆ ದಾರಿ ಇರಲಿಲ್ಲ. ಅಕ್ಕಿ, ಬೆಲ್ಲ, ಗ್ಯಾಸ್ ಸಿಲಿಂಡರ್, ಮಗುವಿನ ತೊಟ್ಟಿಲು, ಎಲ್ಲವೂ ಅಲ್ಲಿಂದಲೇ ಇಳಿಯಬೇಕು. ಅಡಿಕೆ ಮೂಟೆ ಅಲ್ಲಿಂದಲೇ ಹತ್ತಬೇಕು. ನಾನು ಪದವಿನ ಆಚೆಗಿರುವ ಕನ್ನಡ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಹತ್ತುವುದು, ಸಂಜೆ ಇಳಿಯುವುದು. ಅದನ್ನು ಯಾರೂ ವ್ಯಾಯಾಮ ಅಂತ ಕರೆಯುತ್ತಿರಲಿಲ್ಲ. ಅದು ದಾರಿ, ಅಷ್ಟೇ.

2012ರಲ್ಲಿ ಜೆಸಿಬಿ ಬಂತು. ಗುಡ್ಡೆಯನ್ನು ಬಳಸಿಕೊಂಡು ಅಂಗಳದವರೆಗೆ ಮಣ್ಣಿನ ರಸ್ತೆ ಆಯಿತು. ಆ ದಿನ ನಾವೆಲ್ಲ ಎಷ್ಟು ಸಂತೋಷಪಟ್ಟೆವು ಅಂತ ಹೇಳಲಾರೆ. ಮಾವನಿಗೆ ಆಗ ಉಸಿರಾಟದ ತೊಂದರೆ. ಮಳೆಗಾಲದ ರಾತ್ರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಆ ಮೆಟ್ಟಿಲು ಹತ್ತಿಸಿದ್ದನ್ನು ನೋಡಿದವಳು ನಾನು. ಆದ್ದರಿಂದ ರಸ್ತೆ ಬೇಡವಿತ್ತು ಅಂತ ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ರಸ್ತೆ ಬೇಕಿತ್ತು. ಆದರೆ ರಸ್ತೆ ಬಂದ ಮೇಲೆ ಸ್ಕೂಟರ್ ಬಂತು. ಸ್ಕೂಟರ್ ಬಂದ ಮೇಲೆ ಮೆಟ್ಟಿಲ ಮೇಲೆ ಯಾರೂ ಕಾಲಿಡಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿಯಿತು, ಜರಿಗಿಡ ಎದ್ದಿತು. ಹತ್ತು ವರ್ಷದಲ್ಲಿ ಅಲ್ಲಿ ಮೆಟ್ಟಿಲು ಇತ್ತು ಅಂತ ಹೊಸಬರಿಗೆ ತೋರಿಸುವುದೂ ಕಷ್ಟವಾಯಿತು.

2022ರ ಜೂನ್‌ನಲ್ಲಿ ನನ್ನ ರಕ್ತಪರೀಕ್ಷೆ ಆಯಿತು. ಖಾಲಿ ಹೊಟ್ಟೆಯ ಸಕ್ಕರೆ 118. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಡಾಕ್ಟರ್ ಹೇಳಿದರು, "ಟೀಚರ್, ನೀವು ಬಾರ್ಡರಿನಲ್ಲಿದ್ದೀರಿ." 5.7ರಿಂದ 6.4ರವರೆಗೆ ಬಾರ್ಡರ್. 6.5 ಮುಟ್ಟಿದರೆ ಆಚೆ ಕಡೆ, ಅಂದರೆ ಸಕ್ಕರೆ ಕಾಯಿಲೆ. ನಾವು ಕಾಸರಗೋಡಿನವರು ಹುಟ್ಟಿನಿಂದ ಗಡಿಯಲ್ಲೇ ಇರುವವರು. 1956ರ ನವೆಂಬರ್ 1ಕ್ಕೆ ಗೆರೆ ಎಳೆದ ಮೇಲೆ ನಮ್ಮ ಅಂಗಳ ಕೇರಳಕ್ಕೆ ಸೇರಿತು, ಮಾತು ಕನ್ನಡದಲ್ಲೇ ಉಳಿಯಿತು. ಗಡಿ ಅಂದರೆ ಏನು, ಅದು ದಾಟಿದರೆ ಏನೇನು ಬದಲಾಗುತ್ತದೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಒಂದು ಆಹಾರದ ಚೀಟಿ ಕೊಟ್ಟರು. ಪೂರ್ತಿ ಮಲಯಾಳದಲ್ಲಿ. ನಾನು ಓದಬಲ್ಲೆ, ಆದರೆ ನಮ್ಮ ಕಡೆಯ ಎಷ್ಟೋ ಹಿರಿಯರು ಓದಲಾರರು. ಅವರು ಆ ಚೀಟಿಯನ್ನು ಮಡಚಿ ಪಂಚಾಂಗದ ಒಳಗೆ ಇಡುತ್ತಾರೆ, ಅಲ್ಲಿಗೆ ಮುಗಿಯಿತು. ಚೀಟಿಯಲ್ಲಿ ಇದ್ದದ್ದು ಓಟ್ಸ್, ಸೇಬು, ರಾತ್ರಿಗೆ ಚಪಾತಿ. ನಮ್ಮ ತೋಟದಲ್ಲಿ ಬೆಳೆಯುವ ಒಂದೂ ಇಲ್ಲ. ಓಟ್ಸ್ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಆದರೆ ಮನೆಯ ಹಿಂದೆ ಬಸಳೆ ಚಪ್ಪರ ಇರುವವರಿಗೆ ಬಸಳೆಯ ಹೆಸರು ಹೇಳಿದರೆ ನಾಳೆಯಿಂದಲೇ ಶುರು ಮಾಡಬಹುದು, ಅಲ್ವಾ?

ಆ ಚೀಟಿ ಬದಿಗಿಟ್ಟು ನಾನು ನನ್ನದೇ ದಾರಿ ಹಿಡಿದೆ. ಹಳೆಯ ಊಟಕ್ಕೆ ಮರಳುತ್ತೇನೆ ಅಂತ ತೀರ್ಮಾನಿಸಿದೆ. ಬೇಕರಿಯ ಬಿಸ್ಕತ್ತು, ಪಫ್ಸ್ ಬಿಟ್ಟೆ. ಮೈದಾ ಪೊರೋಟ ಬಿಟ್ಟೆ. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿದೆ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಮತ್ತೆ ಗಂಜಿ. ಹಲಸಿನ ಕಾಲದಲ್ಲಿ ಹಲಸು. ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಕಡುಬು, ಪತ್ರೊಡೆ, ತೆಂಗಿನೆಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳ. ಎಲ್ಲ ನಮ್ಮ ಮಣ್ಣಿನದು, ಎಲ್ಲ ಅಜ್ಜಿಯ ಕಾಲದ್ದು. ಆರು ತಿಂಗಳು ಮನಸಿಟ್ಟು ಮಾಡಿದೆ. ಡಿಸೆಂಬರ್‌ನಲ್ಲಿ ಮತ್ತೆ ನೋಡಿದರೆ 6.3.

ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಮೆಟ್ಟುಕತ್ತಿಯ ಮುಂದೆ ಕೂತು ಬಾಳೆದಂಡು ಹೆಚ್ಚುತ್ತಿದ್ದರು. ಆಗ ಅವರಿಗೆ 79. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ದಂಡಿನ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆದರು. ಆಮೇಲೆ ಹೇಳಿದರು.

"ನೀನು ನಾವು ಉಂಡದ್ದನ್ನು ಉಂಡೆ. ನಾವು ನಡೆದದ್ದನ್ನು ಯಾರು ನಡೆಯುದು ಮಾರಾಯ್ತಿ?"

ನಾನು ತಲೆಯೆತ್ತಿ ನೋಡಿದೆ.

"ಆ ಮೆಟ್ಟಿಲು ಈಗಲೂ ಅಲ್ಲಿಯೇ ಉಂಟು. ಎಲ್ಲಿಗೂ ಹೋಗಲಿಲ್ಲ" ಅಂದರು.

ಆ ರಾತ್ರಿ ಅವರ ಹತ್ತಿರ ಕೂತು ಒಂದೊಂದಾಗಿ ಕೇಳಿದೆ. ಅತ್ತೆ, ನೀವು ನನ್ನ ವಯಸ್ಸಿನಲ್ಲಿ ಒಂದು ದಿನಕ್ಕೆ ಎಷ್ಟು ಸಲ ಹತ್ತುತ್ತಿದ್ದಿರಿ? ಅವರಿಗೆ ಲೆಕ್ಕ ಗೊತ್ತಿರಲಿಲ್ಲ. ದಿನಚರಿ ಹೇಳಿದರು, ಲೆಕ್ಕ ನಾನೇ ಹಾಕಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸುರಂಗದ ನೀರು ತರುವುದು. ಸುರಂಗ ಅಂದರೆ ನಮ್ಮ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಬಾವಿಯಂತೆ ಕೆಳಗೆ ಹೋಗುವುದಿಲ್ಲ, ಒಳಗೆ ಹೋಗುತ್ತದೆ. ನೀರು ತಾನಾಗಿಯೇ ಹರಿದು ಬರುತ್ತದೆ. ನಮ್ಮದು ಹನ್ನೆರಡನೆಯ ಮೆಟ್ಟಿಲಿನ ಪಕ್ಕದಲ್ಲಿದೆ. ಮನೆಗೆ ಪೈಪು ಬರುವ ಮೊದಲು ದಿನಕ್ಕೆ ಇಪ್ಪತ್ತು ಕೊಡಪಾನ. ಆಮೇಲೆ ದನದ ಹಟ್ಟಿಯ ಕೆಲಸ. ಆಮೇಲೆ ಕಡೆಯುವ ಕಲ್ಲಿನಲ್ಲಿ ಹಿಟ್ಟು. ಆಮೇಲೆ ಗುಡ್ಡೆಗೆ ಸೊಪ್ಪಿಗೆ, ಬೇಸಗೆಯಾದರೆ ತರಗೆಲೆ ಗುಡಿಸಲಿಕ್ಕೆ. ಹೆಡಿಗೆ ತುಂಬಿಸಿ ತಲೆಯಲ್ಲಿ ಹೊತ್ತು ಇಳಿಯುವುದು. ದಿನಕ್ಕೆ ಕಡಿಮೆಯೆಂದರೂ ಐದಾರು ಸಲ ಆ ಮೆಟ್ಟಿಲು. ಮಧ್ಯಾಹ್ನ ಅವರು ಉಣ್ಣುತ್ತಿದ್ದ ಅನ್ನ ನನ್ನ ಊಟದ ಎರಡರಷ್ಟು. ಅದು ಸಂಜೆಯೊಳಗೆ ಬೆವರಾಗಿ ಹೋಗುತ್ತಿತ್ತು. ನಾನು ಅದೇ ಅನ್ನ ಉಂಡು ಸ್ಕೂಟರಿನಲ್ಲಿ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಳೆಯ ಕಾಲವನ್ನು ಹೊಗಳುವ ಬರಹಗಳನ್ನು ಓದಿ ಓದಿ ನನಗೆ ಬೇಸರವಾಗಿದೆ. ಆಗಿನವರು ಗಟ್ಟಿ, ಆಗ ಕಾಯಿಲೆಯೇ ಇರಲಿಲ್ಲ ಅನ್ನುತ್ತಾರೆ. ಅದು ನಿಜವಲ್ಲ. ಅತ್ತೆಯ ಅತ್ತೆ ಏಳನೆಯ ಹೆರಿಗೆಯಲ್ಲಿ ತೀರಿಕೊಂಡರು. ಬರಿಗಾಲಲ್ಲಿ ತೋಟದ ಕೆಸರಿನಲ್ಲಿ ನಿಂತು ಕೊಕ್ಕೆಹುಳ ಹತ್ತಿಸಿಕೊಂಡು ಬಿಳಿಚಿಕೊಂಡವರು ಎಷ್ಟೋ ಜನ. ಹೆಂಗಸರು ಕೊನೆಗೆ ಉಣ್ಣುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ಗಂಜಿಯ ತೆಳಿ ಮತ್ತು ಉಪ್ಪಿನಕಾಯಿ. ಅತ್ತೆಯ ಮೊಣಕಾಲು ಇವತ್ತು ಈ ಸ್ಥಿತಿಯಲ್ಲಿರುವುದು ಆ ಹೊರೆಯಿಂದಲೇ. ಅವರ ದುಡಿಮೆ ಅವರು ಆರಿಸಿಕೊಂಡದ್ದಲ್ಲ. ಅದು ನನಗೂ ಬೇಡ, ನನ್ನ ಮಗಳಿಗೂ ಬೇಡ. ನನಗೆ ಬೇಕಾದದ್ದು ಹೊರೆಯಿಲ್ಲದ ಆ ಮೆಟ್ಟಿಲು ಮಾತ್ರ.

ಜನವರಿಯ ಒಂದು ಭಾನುವಾರ ನಾನು ಮತ್ತು ನಮ್ಮವರು ಕತ್ತಿ, ಹಾರೆ ಹಿಡಿದು ಕೆಳಗಿನಿಂದ ಶುರು ಮಾಡಿದೆವು. ನಾಲ್ಕು ಭಾನುವಾರ ಬೇಕಾಯಿತು. ಬೇರು ಹೊಕ್ಕು ಮೂರು ಕಲ್ಲು ಸಡಿಲಾಗಿತ್ತು, ಅದನ್ನು ಸಿಮೆಂಟಿನಲ್ಲಿ ಕೂರಿಸಿದೆವು. ಹೊರೆ ಇಳಿಸುವ ಕಟ್ಟೆ ಮಣ್ಣಿನಡಿಯಿಂದ ಎದ್ದು ಬಂದಾಗ ನನಗೆ ಹಳೆಯ ನೆಂಟರನ್ನು ಕಂಡ ಹಾಗಾಯಿತು.

ಮೊದಲ ದಿನ ಆ ಕಟ್ಟೆಯವರೆಗೂ ಹತ್ತಲಾಗಲಿಲ್ಲ. ಮೂವತ್ತಕ್ಕೇ ನಿಂತೆ. ಕಿವಿಯಲ್ಲಿ ಎದೆಬಡಿತ ಕೇಳುತ್ತಿತ್ತು. ನನಗೆ ಆಗ 50. ನನ್ನ ಹಾಗೆ ವರ್ಷಗಟ್ಟಲೆ ನಡೆಯದೆ ಇದ್ದವರು ಒಮ್ಮೆಲೇ ಹತ್ತಬಾರದು. ಎದೆನೋವು, ತಲೆಸುತ್ತು ಇರುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಬೇಕು. ಇನ್ನೊಂದು, ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಭಾರ. ಇಳಿಯುವಾಗ ಅವಸರ ಬೇಡ, ಪೂರ್ತಿ ಪಾದ ಊರಿ ಇಳಿಯಬೇಕು. ನಾನು ವಾರಕ್ಕೆ ಹತ್ತು ಮೆಟ್ಟಿಲಿನಂತೆ ಹೆಚ್ಚಿಸುತ್ತಾ ಹೋದೆ. ಮಾರ್ಚ್ ಮುಗಿಯುವಾಗ ಮೇಲೆ ಪದವು ಕಂಡಿತು. ಅಲ್ಲಿ ನಿಂತು ಪಡುವಣ ಗಾಳಿ ಕುಡಿದದ್ದು ಇವತ್ತಿಗೂ ನೆನಪಿದೆ.

ಈಗ ಶಾಲೆಗೆ ಸ್ಕೂಟರ್ ಇಲ್ಲ. ಮೆಟ್ಟಿಲು ಹತ್ತಿ, ಪದವಿನಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಹೋಗುತ್ತೇನೆ. ಸಂಜೆ ಹಾಗೆಯೇ ವಾಪಸ್. ಜೋರು ಗುಡುಗು ಮಳೆಯ ದಿನ ಮಾತ್ರ ರಸ್ತೆ. ದಿನಕ್ಕೆ ನಲವತ್ತು ನಿಮಿಷದ ಮೇಲಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಷ್ಟು ನಡೆಯಿರಿ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆಟ್ಟಿಲು ಎರಡೂ ಕೆಲಸವನ್ನು ಒಟ್ಟಿಗೆ ಮಾಡಿಸುತ್ತದೆ. ತೊಡೆಯ ಸ್ನಾಯು ನಮ್ಮ ಮೈಯ ದೊಡ್ಡ ಸ್ನಾಯುಗಳಲ್ಲಿ ಒಂದು. ಅದು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಅದು ಇನ್ಸುಲಿನ್‌ಗಾಗಿ ಅಷ್ಟು ಕಾಯುವುದಿಲ್ಲ. ಇದು ಗೊತ್ತಾದ ಮೇಲೆ ನನಗೆ ಅತ್ತೆಯ ಎರಡು ಪಾಲು ಅನ್ನದ ಗುಟ್ಟು ಪೂರ್ತಿ ಅರ್ಥವಾಯಿತು. ಊಟವಾದ ಕೂಡಲೇ ಹತ್ತು ನಿಮಿಷ ಅಡ್ಡಾಡಿದರೂ ಸಕ್ಕರೆ ಅಷ್ಟು ಏರುವುದಿಲ್ಲ. ರಾತ್ರಿ ಉಂಡ ಮೇಲೆ ನಾವು ಮೂವರೂ ಅಂಗಳದಲ್ಲಿ ಸುತ್ತುತ್ತೇವೆ. ಅತ್ತೆ ಕೋಲು ಹಿಡಿದು ತುಳಸಿಕಟ್ಟೆಗೆ ಐದು ಸುತ್ತು.

ಊಟದಲ್ಲಿಯೂ ತಪ್ಪು ಮಾಡಿದ್ದೆ. ನೈಸರ್ಗಿಕ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಅಂತ ನಂಬಿದ್ದೆ. ಬೆಲ್ಲ ನಮ್ಮ ಮೈಗೆ ಸಕ್ಕರೆಯೇ. ಹಲಸು ಕೇರಳದ ರಾಜ್ಯ ಹಣ್ಣು, 2018ರಲ್ಲಿ ಘೋಷಣೆಯಾದಾಗ ಶಾಲೆಯಲ್ಲಿ ಮಕ್ಕಳಿಗೆ ಹಂಚಿ ತಿಂದಿದ್ದೇವೆ. ಆದರೆ 100 ಗ್ರಾಂ ಹಣ್ಣಿನ ಸೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆ ಇದೆ. ನಾನು ಒಂದು ಕೂತದ್ದಕ್ಕೆ ಇಪ್ಪತ್ತು ಸೊಳೆ ತಿನ್ನುತ್ತಿದ್ದೆ. ಈಗ ನಾಲ್ಕು. ಗುಜ್ಜೆ, ಅಂದರೆ ಎಳೆ ಹಲಸಿನಕಾಯಿಯ ಪಲ್ಯವಾದರೆ ಧಾರಾಳ. ಕರಿದ ಹಪ್ಪಳ ಹಬ್ಬಕ್ಕೆ ಮಾತ್ರ, ಬಾಕಿ ದಿನ ಕೆಂಡದಲ್ಲಿ ಸುಟ್ಟದ್ದು. ಹೇಳಬೇಕೆಂದರೆ ಸುಟ್ಟ ಹಪ್ಪಳಕ್ಕೆ ಒಂದು ತುಂಡು ತೆಂಗಿನಕಾಯಿ ಕಚ್ಚಿಕೊಂಡರೆ ಅದರ ರುಚಿಯೇ ಬೇರೆ.

ಕುಚ್ಚಲಕ್ಕಿಯನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವುದು ಅದರ ಕ್ರಮ. ಬೇಯುವಾಗ ತವುಡಿನಲ್ಲಿರುವ ಬಿ ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಮಿಲ್ಲಿಗೆ ಹೋದರೂ ಪೂರ್ತಿ ನಷ್ಟವಾಗುವುದಿಲ್ಲ. ಭತ್ತ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಕೆಂಪು ತವುಡು ಉಳಿದ ಕಜೆ ಅಕ್ಕಿಯಾದರೆ ನಾರಿನಂಶವೂ ಸಿಗುತ್ತದೆ. ಆದರೆ ಅಕ್ಕಿ ಅಕ್ಕಿಯೇ. ಮೂರು ಹೊತ್ತು ಬಟ್ಟಲು ತುಂಬ ಉಂಡದ್ದೇ ನನ್ನ ತಪ್ಪು.

ಈಗ ಬಟ್ಟಲು ಅದೇ, ಪಾಲು ಬೇರೆ. ಅರ್ಧ ಬಟ್ಟಲು ಗಂಜಿ, ಕಾಳು ಕಾಳಾಗಿ ಇರುವಂಥದ್ದು. ಬಾಕಿ ಅರ್ಧ ಹೆಸರುಕಾಳಿನ ಪಲ್ಯ ಅಥವಾ ಹುರುಳಿ, ಜೊತೆಗೆ ಏನಾದರೂ ಸೊಪ್ಪು. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಕಡಿಮೆ ಬೀಳುವುದು ಅದೇ. ನಮ್ಮ ಪಕ್ಕದ ಮನೆಯವರು ಮಲಯಾಳಿಗಳು. ಅವರದ್ದು ಕಂಜಿ ಮತ್ತು ಪಯರ್, ಬಟ್ಟಲಿನಲ್ಲಿ ಇರುವುದು ಅದೇ ಗಂಜಿ, ಅದೇ ಹೆಸರುಕಾಳು. ಮೇಲೆ ಒಂದು ಬೂತಾಯಿ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೃದಯಕ್ಕೆ ಒಳ್ಳೆಯ ಒಮೆಗಾ 3 ಕೊಬ್ಬು ಅದರಲ್ಲೇ ಇದೆ. ಸಾರು ಮಾಡಿದರೆ ಸಾಕು, ಮುಳುಗಿಸಿ ಹುರಿಯುವುದು ಬೇಡ.

ಭತ್ತದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಬೈಲಿನಲ್ಲಿ ಈಗ ಗದ್ದೆಯೇ ಇಲ್ಲ, ಎಲ್ಲ ಅಡಿಕೆ ತೋಟ. ನಮ್ಮ ಜಿಲ್ಲೆಯವರೇ ಆದ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರಾಜಕಯಮೆ ಎಂಬ ತಳಿಯಿಂದ ಶುರುವಾದ ಅವರ ಕೆಲಸವನ್ನು ನಾನು ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ. ಭತ್ತ ಅಂದರೆ ಒಂದೇ ಅಂತ ತಿಳಿದಿದ್ದ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಇನ್ನು ಸೊಪ್ಪು. ಇದರ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಪೇಟೆಯಿಂದ ತರುವುದಾದರೆ ಅದು ದುಬಾರಿ. ಆದರೆ ನಮ್ಮ ಕಡೆ ಮಳೆ ಬಿದ್ದರೆ ನೆಲವೇ ಕೊಡುತ್ತದೆ. ಮೊದಲ ಮಳೆಗೆ ದಾರಿಯ ಬದಿಯಲ್ಲಿ ತಜಂಕು, ಅಂದರೆ ಚಗತೆ ಸೊಪ್ಪು. ಎಳೆಯದಿರುವಾಗಲೇ ಕೊಯ್ದು, ಸಣ್ಣಗೆ ಹೆಚ್ಚಿ, ಹಲಸಿನ ಬೀಜ ಹಾಕಿ ಪಲ್ಯ. ಆಟಿ ತಿಂಗಳಿಗೆ ಕೆಸುವಿನ ಎಲೆ. ಅದನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಎಲೆಯಲ್ಲಿರುವ ಆಕ್ಸಲೇಟ್ ಹರಳುಗಳು ಚುಚ್ಚುತ್ತವೆ. ಬಿದಿರಿನ ಎಳೆ ಮೊಳಕೆ ಕಣಿಲೆ ಬಂದರೆ ನೀರಿನಲ್ಲಿ ನೆನೆಸಿಟ್ಟು, ನೀರು ಬದಲಿಸಿ ಆಮೇಲೆ ಅಡುಗೆ. ಆಮೇಲೆ ಹರಿವೆ, ಬಸಳೆ. ವರ್ಷವಿಡೀ ನುಗ್ಗೆ. ಏನೂ ಇಲ್ಲದ ದಿನ ಪೇರಳೆ ಮರದ ನಾಲ್ಕು ಕುಡಿ. ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿ ಹಾಕಿ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ ಆಯಿತು. ಕುದಿಸಬೇಕಾಗಿಲ್ಲ. ಐದು ನಿಮಿಷದ ಕೆಲಸ.

ಮೆಟ್ಟಿಲು ಬಿಡಿಸಿದ ಮೊದಲ ಮಳೆಗಾಲದಲ್ಲಿ ನನಗೆ ಒಂದು ಸಂತೋಷ ಸಿಕ್ಕಿತು. ಸುರಂಗದ ನೀರು ಜಿನುಗುವ ಹನ್ನೆರಡನೆಯ ಮೆಟ್ಟಿಲಿನ ಸಂದಿಯಲ್ಲಿ ತಿಮರೆ ಹಬ್ಬಿತು. ಒಂದೆಲಗ ಅನ್ನುತ್ತಾರಲ್ಲ, ಅದು. ಪೊದೆಯ ಕೆಳಗೆ ಬೆಳಕಿಲ್ಲದೆ ಅಡಗಿದ್ದದ್ದು. ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಒಂದು ಹಿಡಿ ಕೊಯ್ದು ಇಳಿಯುತ್ತೇನೆ. ಬೇರು ಕೀಳುವುದಿಲ್ಲ, ಎಲೆ ಮಾತ್ರ. ಚಟ್ನಿಗೆ ಅದಕ್ಕಿಂತ ಪರಿಮಳದ್ದು ನನಗೆ ಗೊತ್ತಿಲ್ಲ.

ಸೊಪ್ಪು ಕೊಯ್ಯುವಾಗ ತೋಟದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಮದ್ದು ಬಿಡುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ಮರದಿಂದ ಹನಿದು ಕೆಳಗಿನ ಎಲೆಗಳ ಮೇಲೆ ನೀಲಿ ಚುಕ್ಕೆಯಾಗಿ ಕೂರುತ್ತದೆ. ಆ ಜಾಗದ ಸೊಪ್ಪನ್ನು ಆ ದಿನಗಳಲ್ಲಿ ಕೊಯ್ಯಬೇಡಿ. ನಮ್ಮ ಮನೆಯಲ್ಲಿ ಅಡುಗೆಯ ಸೊಪ್ಪೆಲ್ಲ ಈಗ ತೋಟದ ಹೊರಗೆ, ಬಚ್ಚಲಿನ ಹಿಂದೆ.

ಈ ಮಾತು ನನಗೆ ಹಗುರವಲ್ಲ. ಎಣ್ಮಕಜೆ ಪಂಚಾಯತು ನಮಗೆ ದೂರವಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರ ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು, ಸುರಂಗಗಳಿದ್ದವು. ಆ ಜನ ಪೇಟೆಯ ತಿಂಡಿ ತಿಂದವರಲ್ಲ. ತೋಡಿನ ನೀರು ಕುಡಿದು, ಅಂಗಳದ ಸೊಪ್ಪು ತಿಂದು, ಮನೆಯ ದನದ ಹಾಲು ಕುಡಿದು ಬದುಕಿದವರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಅಷ್ಟರಲ್ಲಿ ನನ್ನ ಕ್ಲಾಸಿಗೆ ಬರಬೇಕಾಗಿದ್ದ ಕೆಲವು ಮಕ್ಕಳು ಚಾಪೆಯಿಂದ ಏಳಲಾರದೆ ಮನೆಯಲ್ಲೇ ಉಳಿದಿದ್ದರು. ಅವರ ಮನೆಗೆ ಹೋಗಿ ಕೂತು ಬಂದವಳು ನಾನು. ಆ ಅಮ್ಮಂದಿರ ಹತ್ತಿರ ಒಳ್ಳೆಯ ಊಟ, ವ್ಯಾಯಾಮ ಅಂತ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಶುದ್ಧ ಆಹಾರ ನಮ್ಮ ಅಡುಗೆಮನೆಯ ಕೈಯಲ್ಲಿ ಮಾತ್ರ ಇಲ್ಲ. ನೆಲ, ನೀರು, ಗಾಳಿಯನ್ನು ಯಾರು ಏನು ಮಾಡುತ್ತಿದ್ದಾರೆ ಅಂತ ನೋಡುವುದೂ, ಪಂಚಾಯತಿನಲ್ಲಿ ಎದ್ದು ಕೇಳುವುದೂ ಆರೋಗ್ಯದ ಕೆಲಸವೇ.

ಮರದ್ದು, ಬಳ್ಳಿಯದ್ದು ಅಂದ ಕೂಡಲೇ ಒಳ್ಳೆಯದು ಅಂತಲೂ ಅಲ್ಲ. ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ಕೆತ್ತೆ ತರುವುದು, ಬೆಳ್ಳುಳ್ಳಿ, ಓಮ, ಕಾಳುಮೆಣಸು ಹಾಕಿ ಅರೆಯುವುದು, ಕಾಯಿಸಿದ ಬಿಳಿಕಲ್ಲನ್ನು ರಸಕ್ಕೆ ಹಾಕುವುದು. ಆಮೇಲೆ ಮೈ ತಂಪಾಗಲು ಮೆಂತೆ ಗಂಜಿ. ನನಗೆ ಇಷ್ಟವಾದ ಪದ್ಧತಿ. ಆದರೆ ಕತ್ತಲಲ್ಲಿ ಹಾಲೆ ಮರ ಅಂತ ಕಾಸರಕನ ಮರದ ಕೆತ್ತೆ ತಂದರೆ ಪ್ರಾಣವೇ ಹೋಗಬಹುದು. ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ನಮ್ಮ ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಅಂತ ಹೇಳುವವರಿದ್ದಾರೆ, ಅಷ್ಟು ಧಾರಾಳವಾಗಿ ಅದು ಇಲ್ಲಿ ಬೆಳೆಯುತ್ತದೆ. ಹಿಂದಿನ ದಿನ ಹಗಲಿನಲ್ಲೇ, ಗೊತ್ತಿರುವವರಿಂದ ಮರ ಗುರುತು ಮಾಡಿಸಿಕೊಳ್ಳಿ. ಗೊತ್ತಿರುವವರು ಇಲ್ಲದಿದ್ದರೆ ಆ ವರ್ಷ ಕಷಾಯ ಬೇಡ.

ಅಡಿಕೆಯ ಬಗ್ಗೆ ಬರೆಯುವುದು ನನಗೆ ಕಷ್ಟ. ಈ ಮನೆ ನಿಂತಿರುವುದೇ ಅಡಿಕೆಯಿಂದ. ಮಗಳ ಓದು, ಈ ರಸ್ತೆ, ಎಲ್ಲ ಅದರ ದುಡ್ಡು. ಆದರೆ ಹೊಗೆಸೊಪ್ಪು ಇಲ್ಲದೆ ಅಡಿಕೆ ಮಾತ್ರ ಜಗಿದರೂ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ನಮ್ಮವರು ದಿನಕ್ಕೆ ಎಂಟು ಸಲ ಕವಳ ಹಾಕುತ್ತಿದ್ದರು. ಈಗ ಮಧ್ಯಾಹ್ನ ಒಂದು ಸಲ, ಹೊಗೆಸೊಪ್ಪು ಪೂರ್ತಿ ಬಿಟ್ಟಿದ್ದಾರೆ. ಆ ಒಂದನ್ನೂ ಬಿಡಲಿ ಅಂತ ನಾನು ದಿನಾ ಹೇಳುತ್ತೇನೆ. ಅವರು ಸುಮ್ನೆ ಕೇಳಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಯಾಕೆ ಹಚ್ಚಿಕೊಂಡಿದ್ದೇನೆ ಅಂತ ಮಗಳು ಕೇಳಿದಳು. ಅವಳು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾನು ಅವಳಿಗೆ 2020ರ ಮಾರ್ಚ್ ನೆನಪು ಮಾಡಿದೆ. ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಮಗೆ ದೊಡ್ಡ ಆಸ್ಪತ್ರೆಯೇ ಇಲ್ಲದಂತಾಯಿತು. ನಮ್ಮ ಅಜ್ಜಂದಿರ ಕಾಲದಿಂದ ಆಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್‌ಗೆ ಹೋಗುವವರು, ಹೃದಯದ ಕಾಯಿಲೆಯವರು ಈಚೆ ಸಿಕ್ಕಿಬಿದ್ದರು. ಆ ದಿನಗಳ ಹೆದರಿಕೆ ನನ್ನೊಳಗೆ ಇನ್ನೂ ಇದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 11.4 ವಯಸ್ಕರಿಗೆ ಸಕ್ಕರೆ ಕಾಯಿಲೆ, ಕೇರಳದಲ್ಲಿ 25.5. ಅಂದರೆ ನಾಲ್ಕರಲ್ಲಿ ಒಬ್ಬರು. ನಮ್ಮ ಸ್ಟಾಫ್ ರೂಮಿನಲ್ಲಿ ನಾವು ಎಂಟು ಜನ. ಅದರಲ್ಲಿ ಇಬ್ಬರು ಊಟಕ್ಕೆ ಮೊದಲು ಮಾತ್ರೆ ತೆಗೆದುಕೊಳ್ಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಮಕ್ಕಳನ್ನು ನೋಡಿದರೆ ಒಮ್ಮೊಮ್ಮೆ ಚಿಂತೆ, ಒಮ್ಮೊಮ್ಮೆ ಭರವಸೆ. ಮನೆ ಬಾಗಿಲಿಗೇ ವ್ಯಾನ್ ಬರುತ್ತದೆ, ಅರ್ಧ ಕಿಲೋಮೀಟರ್ ನಡೆಯುವ ಮಗುವೂ ಕಡಿಮೆ. ಆದರೆ ನಮ್ಮ ಶಾಲೆಯಲ್ಲಿ ಶನಿವಾರ ಯಕ್ಷಗಾನ ನಾಟ್ಯ ಕಲಿಸುತ್ತಾರೆ. ಕುಂಬಳೆ ಸೀಮೆಯ ನೆಲ, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು, ಇಲ್ಲಿ ಕಲಿಸದೆ ಇನ್ನೆಲ್ಲಿ? ಅರ್ಧ ಗಂಟೆ ಧೀಂಗಿಣ ಹಾಕಿದ ಹುಡುಗ ಹುಡುಗಿಯರ ಬೆವರು ನೋಡಬೇಕು. ಮಂಡಿ ಬಗ್ಗಿಸಿ ನಿಲ್ಲುವುದು, ಹಾರುವುದು, ಅದರ ಮೇಲೆ ಉಸಿರು ಹಿಡಿದು ಮಾತು ಹೇಳುವುದು. ಮಜ್ಜಿಗೆ ನೀರಿನ ಪಾತ್ರೆ ತಂದಿಟ್ಟರೆ ಎರಡು ನಿಮಿಷದಲ್ಲಿ ಖಾಲಿ.

ಮೆಟ್ಟಿಲು ಹತ್ತಲು ಶುರು ಮಾಡಿ ಒಂದು ವರ್ಷಕ್ಕೆ ನನ್ನ ಎಚ್‌ಬಿಎ1ಸಿ 5.9ಕ್ಕೆ ಬಂತು. ಕಳೆದ ಸಲ 5.8. ತೂಕ ಆರು ಕಿಲೋ ಇಳಿದಿದೆ. ಇನ್ನೂ ಬಾರ್ಡರಿನ ಒಳಗೇ ಇದ್ದೇನೆ, ಆರು ತಿಂಗಳಿಗೊಮ್ಮೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿಸುತ್ತೇನೆ. ಇದೇ ದಾರಿಯಲ್ಲಿ ಎಲ್ಲರಿಗೂ ಇದೇ ಆಗುತ್ತದೆ ಅಂತ ಹೇಳಲಾರೆ. ಮಾತ್ರೆ ತೆಗೆದುಕೊಳ್ಳುವವರು ನನ್ನ ಮಾತು ಕೇಳಿ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ನಡಿಗೆ, ಊಟ ಸರಿಯಾದ ಮೇಲೆ ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಅಂತ ಡಾಕ್ಟರೇ ಹೇಳಲಿ.

ಕಳೆದ ಚಳಿಗಾಲದಲ್ಲಿ ಅತ್ತೆ ಒಂದು ದಿನ ಕೇಳಿದರು. "ಆ ತಿಮರೆ ಎಷ್ಟನೇ ಮೆಟ್ಟಿಲಲ್ಲಿ ಉಂಟು?"

"ಹನ್ನೆರಡರಲ್ಲಿ ಅತ್ತೆ. ನಾನು ತಂದುಕೊಡುತ್ತೇನಲ್ಲ."

"ನೀನು ತರುದು ಗೊತ್ತುಂಟು. ನಾನು ನೋಡಬೇಕು."

ನಮ್ಮವರು ಆ ವಾರವೇ ಅಡಿಕೆ ಮರ ಸೀಳಿ, ದಬ್ಬೆ ನಯ ಮಾಡಿ, ಮೆಟ್ಟಿಲಿನ ಎರಡೂ ಬದಿಗೆ ಹದಿನೈದರವರೆಗೆ ಕೈಹಿಡಿ ಕಟ್ಟಿದರು. ಅತ್ತೆ ಮೊದಲ ದಿನ ಎರಡು ಹತ್ತಿದರು. ನಾನು ಹಿಂದೆ ನಿಂತಿದ್ದೆ. ಮಾರನೆಯ ದಿನವೂ ಎರಡು. ಮೂರಕ್ಕೆ ಹೋಗಲು ಹತ್ತು ದಿನ ಬೇಕಾಯಿತು. ಮಳೆ ಶುರುವಾದ ಮೇಲೆ ಜಾರುತ್ತದೆ ಅಂತ ನಿಲ್ಲಿಸಿದೆವು. ನವರಾತ್ರಿಗೆ ಮತ್ತೆ ಶುರು. ಇವತ್ತು ಬೆಳಗ್ಗೆ ಒಂಬತ್ತು ಆಯಿತು. ಒಂಬತ್ತರಲ್ಲಿ ಕೂತು, ಕೋಲು ಮೇಲಕ್ಕೆ ಚಾಚಿ ತಿಮರೆಯ ಕಡೆಗೆ ತೋರಿಸಿದರು.

"ಬೇರು ಕೀಳುದಿಲ್ಲ ತಾನೇ ನೀನು?" ಅಂದರು.

ಇಲ್ಲ ಅತ್ತೆ ಅಂದೆ. ಅವರು ಅಲ್ಲಿಯೇ ಕೂತು ಸುರಂಗದ ನೀರಿನ ಶಬ್ದ ಕೇಳುತ್ತಿದ್ದರು. ನನಗೆ ಶಾಲೆಗೆ ಹೊತ್ತಾಗುತ್ತಿತ್ತು. ಆದರೂ ಅವರು ಎದ್ದು ದಬ್ಬೆ ಹಿಡಿಯುವವರೆಗೆ ನಾನು ಹತ್ತನೆಯದರಲ್ಲಿ ನಿಂತೆ.